ಲೆಕ್ಕ ಕೇಳುವ ಕಚೇರಿ ಯಾವ ಊರಲ್ಲಿದೆ?

2017ರ ಏಪ್ರಿಲ್ ಮೊದಲ ವಾರ ಅಬುಧಾಬಿಯಲ್ಲಿ ನ್ಯಾಷನಲ್ ಬ್ಯಾಂಕ್ ಆಫ್ ಅಬುಧಾಬಿಯೂ ಫಸ್ಟ್ ಗಲ್ಫ್ ಬ್ಯಾಂಕೂ ಒಂದೇ ಬ್ಯಾಂಕಾಗಿ ವಹಿವಾಟು ಶುರುಮಾಡಿದವು. ಅದೇ ಏಪ್ರಿಲ್ ಒಂದರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂಬ ಹೆಸರು ಅಳಿಸಿಹೋಯಿತು. 1913ರಲ್ಲಿ ವಿಶ್ವೇಶ್ವರಯ್ಯನವರು ಮುಂದೆ ನಿಂತು ಕಟ್ಟಿಸಿದ ಬ್ಯಾಂಕು ಅದು. ಇಲ್ಲಿನ ನಮ್ಮವರು ಎರಡನ್ನೂ ಒಂದೇ ತಕ್ಕಡಿಗೆ ಹಾಕಿ, "ಎಲ್ಲ ಕಡೆ ಆಗುವುದೇ ಮಾರಾಯ್ರೆ, ದೊಡ್ಡದಾಗದೆ ಗತಿಯಿಲ್ಲ" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.

ಅಬುಧಾಬಿಯ ಬ್ಯಾಂಕು ಅಬುಧಾಬಿಯಲ್ಲೇ ಉಳಿಯಿತು. ಹಳೆಯ ಎರಡೂ ಹೆಸರುಗಳ ತುಂಡು 'ಫಸ್ಟ್ ಅಬುಧಾಬಿ'ಯಲ್ಲಿದೆ. ದುಬೈಯಲ್ಲಿ 2007ರಲ್ಲಿ ಎಮಿರೇಟ್ಸ್ ಬ್ಯಾಂಕಿನ ಜೊತೆ ಸೇರಿದ ನ್ಯಾಷನಲ್ ಬ್ಯಾಂಕ್ ಆಫ್ ದುಬೈ 1963ರದ್ದು. ಅದರ 'ಎನ್‌ಬಿಡಿ' ಇಂದಿಗೂ ಬೋರ್ಡಿನ ಮೇಲಿದೆ. ಲೆಕ್ಕ ಕೇಳುವ ಕಚೇರಿ ಊರು ಬಿಡಲಿಲ್ಲ.

ನಮ್ಮ ವಿಜಯಾ ಬ್ಯಾಂಕನ್ನು ನೋಡಿ. ಬೇಸಾಯಗಾರರ ಕೈಗೆ ಸಾಲ ಎಟುಕಲೆಂದು ಎ.ಬಿ. ಶೆಟ್ಟರು ಮತ್ತು ಜೊತೆಗಾರರು 1931ರಲ್ಲಿ ಮಂಗಳೂರಿನಲ್ಲಿ ಕಟ್ಟಿದ್ದು. 2017-18ರಲ್ಲಿ ಅದರ ನಿವ್ವಳ ಲಾಭ 727 ಕೋಟಿ ರೂಪಾಯಿ. ನಷ್ಟದಲ್ಲಿ ಮುಳುಗಿ ರಿಸರ್ವ್ ಬ್ಯಾಂಕಿನ ನಿರ್ಬಂಧಕ್ಕೆ ಸಿಕ್ಕಿದ್ದು ದೇನಾ ಬ್ಯಾಂಕು. 2019ರ ಏಪ್ರಿಲ್ 1ರಂದು ಎರಡನ್ನೂ ಬ್ಯಾಂಕ್ ಆಫ್ ಬರೋಡಕ್ಕೆ ಸೇರಿಸಿದರು. ವಿಜಯಾದ 1000 ಷೇರಿಗೆ ಬರೋಡದ 402. ಕುಂಟುವವನನ್ನು ಹೊರಲು ನಡೆಯುವವನ ಹೆಗಲು ಬೇಕಿತ್ತು, ಅಷ್ಟೆ. ಗಟ್ಟಿಯಾಗಿದ್ದುದೇ ವಿಜಯಾದ ತಪ್ಪಾಯಿತು.

"ಬರೋಡ 1974ರಿಂದ ದುಬೈಯಲ್ಲೇ ಇದೆ, ನಮಗೆ ಅನುಕೂಲವೇ ಆಯಿತಲ್ಲ" ಎಂಬ ಸಮಾಧಾನವನ್ನೂ ಕೇಳಿದ್ದೇನೆ. ನಮಗೆ, ಹೌದು. ಬೈಂದೂರಿನಲ್ಲಿ ದೋಣಿಗೆ ಸಾಲ ಕೇಳುವವನಿಗೆ?

ಎಲ್ಲದಕ್ಕೂ ನಾನು ಅಳುವವನಲ್ಲ. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಆರಂಭಿಸಿದ, 1928ರಿಂದ ದಿನಕ್ಕೆ ಎರಡಾಣೆಯ ಪಿಗ್ಮಿ ಕೂಡಿಸಿ ಬೆಳೆದ ಸಿಂಡಿಕೇಟ್ ಬ್ಯಾಂಕು ಕೊನೆಗೆ ನಷ್ಟದಲ್ಲಿತ್ತು. ಅದು ಸೇರಿದ್ದು ಕೆನರಾ ಬ್ಯಾಂಕನ್ನು, ಅಂದರೆ ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಹಚ್ಚಿದ ದೀಪವನ್ನು. ಪಕ್ಕದ ಮನೆಗೇ ಹೋದಂತೆ. ಆದರೆ ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಕಾರ್ಪೊರೇಷನ್ ಬ್ಯಾಂಕು? 2020ರ ಏಪ್ರಿಲ್ 1ರಂದು, ಸಿಂಡಿಕೇಟ್ ಹೋದ ದಿನವೇ, ಅದನ್ನು ಮುಂಬಯಿಯ ಯೂನಿಯನ್ ಬ್ಯಾಂಕಿಗೆ ಕೊಟ್ಟರು. ಮಂಗಳೂರಿನಲ್ಲಿದ್ದ ಪ್ರಧಾನ ಕಚೇರಿ ಹೋಯಿತು. ಒಂದೇ ವರ್ಷ, ಒಂದೇ ಕರಾವಳಿ. ಒಂದರ ಹೆಸರು ಉಳಿಯಿತು, ಇನ್ನೊಂದರದು ಹೋಯಿತು.

ದುಬೈಯ ರಾಜ್ಯೋತ್ಸವದ ವೇದಿಕೆಗಳಲ್ಲಿ 'ಬ್ಯಾಂಕುಗಳ ತವರು' ಎಂದು ಎದೆಯುಬ್ಬಿಸಿದವರು ನಾವೇ. ಆ ಬ್ಯಾಂಕುಗಳಲ್ಲಿ ಎನ್ನಾರೈ ಠೇವಣಿ ಇಟ್ಟವರೂ ನಾವೇ. ಪಟ್ಟಿ ಹೊರಬಿದ್ದಾಗ ಮಾತ್ರ ವಾಟ್ಸಾಪಿನಲ್ಲಿ ಹಳೆಯ ಪಾಸ್‌ಬುಕ್ಕಿನ ಚಿತ್ರ ಹಾಕಿ ಸುಮ್ಮನಾದೆವು. 1924ರ ಕರ್ಣಾಟಕ ಬ್ಯಾಂಕು ಇನ್ನೂ ಮಂಗಳೂರಿನಲ್ಲಿದೆ, ಕೆನರಾ ಬ್ಯಾಂಕು ಬೆಂಗಳೂರಿನಲ್ಲಿದೆ. ಮುಂದಿನ ಪಟ್ಟಿ ಬರುವ ಮೊದಲೇ ಠೇವಣಿದಾರರಾಗಿ ನಾವು ಬರೆದು ಕೇಳಬೇಕು: ಬೈಂದೂರಿನ ದೋಣಿ ಸಾಲಕ್ಕೆ ಸಹಿ ಹಾಕುವವರು ಇನ್ನು ಮೇಲೆ ಎಲ್ಲಿ ಕೂತಿರುತ್ತಾರೆ?