ಸುಲ್ತಾನರ ಹಡಗು ಯಾರಿಗೆ ನೆನಪಿದೆ?

ಟಿಪ್ಪು ಸುಲ್ತಾನರ ಹೆಸರೆತ್ತಿದೊಡನೆ ನಮ್ಮಲ್ಲಿ ಎರಡು ಬಣಗಳು ಎದ್ದು ನಿಲ್ಲುತ್ತವೆ. ಒಂದಕ್ಕೆ ಅವರು ಮತಾಂಧ, ಇನ್ನೊಂದಕ್ಕೆ ಹುತಾತ್ಮ. 2015ರಲ್ಲಿ ಒಂದು ಸರಕಾರ ಜಯಂತಿ ಆರಂಭಿಸಿತು, 2019ರಲ್ಲಿ ಇನ್ನೊಂದು ಸರಕಾರ ಅದನ್ನು ರದ್ದುಪಡಿಸಿತು. ಈ ಗದ್ದಲದಲ್ಲಿ ಖಡ್ಗದ ಬಗ್ಗೆ, ಹುಲಿಯ ಬಗ್ಗೆ ಬೇಕಾದಷ್ಟು ಕೇಳಿದೆವು. ಅವರ ಹಡಗುಗಳ ಬಗ್ಗೆ ಯಾರಾದರೂ ಮಾತಾಡಿದರೇ?

'ಸೆರಿಂಗಪಟಂ' ಎಂಬ ಹಡಗಿನ ಕಥೆ ಕೇಳಿ. 1799ರಲ್ಲಿ ತೇಗದ ಮರದಿಂದ ಟಿಪ್ಪುವಿಗಾಗಿ ಯುದ್ಧನೌಕೆಯಾಗಿ ಇದನ್ನು ಕಟ್ಟಲಾಯಿತು ಎನ್ನುತ್ತವೆ ದಾಖಲೆಗಳು. ಅದೇ ವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಸುಲ್ತಾನರು ಕಾದಾಡುತ್ತಲೇ ಮಡಿದರು. ಹಡಗು ಬ್ರಿಟಿಷರ ಪಾಲಾಯಿತು. ಅವರು ಅದನ್ನು ಇಂಗ್ಲೆಂಡಿಗೆ ಒಯ್ದು ನೌಕಾಪಡೆಗೆ ಮಾರಲು ನೋಡಿದರು, ನೌಕಾಪಡೆ ಕೊಳ್ಳಲಿಲ್ಲ. ಬಿದ್ದುಹೋದ ರಾಜಧಾನಿಯ ಹೆಸರು ಹೊತ್ತ ಯುದ್ಧನೌಕೆ ದಕ್ಷಿಣದ ಕಡಲುಗಳಲ್ಲಿ ತಿಮಿಂಗಿಲದ ಎಣ್ಣೆ ತುಂಬಿಕೊಳ್ಳುತ್ತಾ ಅಲೆಯತೊಡಗಿತು. 1813ರ ಜುಲೈಯಲ್ಲಿ ಅಮೆರಿಕದ 'ಎಸೆಕ್ಸ್' ನೌಕೆಯ ಕಪ್ತಾನ ಡೇವಿಡ್ ಪೋರ್ಟರ್ ಪೆಸಿಫಿಕ್ ಸಾಗರದಲ್ಲಿ ಅದನ್ನು ಸೆರೆಹಿಡಿದು ಮತ್ತಷ್ಟು ಫಿರಂಗಿಗಳನ್ನು ಏರಿಸಿದ. ಟಿಪ್ಪುವಿನ ಹಡಗು ಬ್ರಿಟಿಷರ ವಿರುದ್ಧ ನಿಂತದ್ದು ಹೀಗೆ, ಅದೂ ಪರರ ಬಾವುಟದಡಿ! ಮರುವರ್ಷ ನುಕುಹಿವಾ ದ್ವೀಪದಲ್ಲಿ ಬಂಡೆದ್ದ ನಾವಿಕರೂ ಬ್ರಿಟಿಷ್ ಕೈದಿಗಳೂ ಸೇರಿ ಅದನ್ನು ಕಿತ್ತುಕೊಂಡು ಸಿಡ್ನಿಗೆ ಓಡಿಸಿದರು. ಮತ್ತೆ ಹಳೆಯ ಮಾಲೀಕರು, ಮತ್ತೆ ದಶಕಗಳ ಕಾಲ ತಿಮಿಂಗಿಲ ಬೇಟೆ.

ಇದು ಒಂಟಿ ಹಡಗಿನ ಕಥೆಯಲ್ಲ. 1763ರಲ್ಲಿ ಬಿದನೂರು ಗೆದ್ದ ಹೈದರಲಿಗೆ ಮಂಗಳೂರು ಬಂದರು ದಕ್ಕಿತು. ಅವರು ಕಟ್ಟಿದ ಪಡೆಯ ಕಪ್ತಾನರು 1768ರಲ್ಲಿ ಬ್ರಿಟಿಷರ ಕಡೆ ಜಿಗಿದರು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿನಲ್ಲೇ ಅವರ ಹಡಗುಗಳನ್ನು ನಾಶಮಾಡಿದ. ಆದರೂ 1786ರಲ್ಲಿ ಟಿಪ್ಪುವಿನ ರಾಯಭಾರಿಗಳು ಉತ್ತರ ಕನ್ನಡದ ತದಡಿಯಿಂದ ನಾಲ್ಕು ಹಡಗುಗಳಲ್ಲಿ ಇಸ್ತಾಂಬುಲಿಗೆ ಹೊರಟರು. 1796ರಲ್ಲಿ ಹನ್ನೊಂದು ಮಂದಿಯ ನೌಕಾ ಮಂಡಳಿ, 40ಕ್ಕೂ ಹೆಚ್ಚು ಯುದ್ಧನೌಕೆಗಳ ಯೋಜನೆ, ಮಂಗಳೂರು-ಮಿರ್ಜಾನ್-ಸದಾಶಿವಗಡಗಳ ಕಡೆ ಹಡಗುಕಟ್ಟೆಗಳು. ಆದೇಶ ತಡವಾಗಿತ್ತು ಎಂಬುದನ್ನು ಒಪ್ಪಬೇಕು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವೇ ಕೈತಪ್ಪಿತ್ತು, ಉಳಿದದ್ದು ಮೂರೇ ವರ್ಷ. ಹಾಗೆಂದು ಯೋಜನೆ ಸಣ್ಣದಾಗುವುದಿಲ್ಲ. ಪರದೇಶಿ ಕಂಪೆನಿಯ ಬಲ ಇರುವುದು ಕಡಲಿನಲ್ಲಿ ಎಂಬುದನ್ನು ಅರಿತು ಅದಕ್ಕೆ ಮದ್ದು ಹುಡುಕಿದ ಆಳರಸರು ಆ ಕಾಲದ ಭಾರತದಲ್ಲಿ ಎಷ್ಟು ಮಂದಿ?

ನಮ್ಮವರಿಗೂ ಒಂದು ಮಾತು. ಫ್ಲೆಕ್ಸ್ ಕಟ್ಟಿ ಘೋಷಣೆ ಕೂಗಿದರೆ ಟಿಪ್ಪುವಿನ ಋಣ ತೀರಿತೆಂದುಕೊಂಡಿದ್ದೇವೆ. ವಿರೋಧಿಗಳು 1784ರ ಕೆನರಾ ಕ್ರೈಸ್ತರ ಸೆರೆಯನ್ನು ಎತ್ತಿದಾಗ ಮಾತು ಮರೆಸುತ್ತೇವೆ. ಏಕೆ? ಆ ಸೆರೆಯೂ ಇದೇ ಕರಾವಳಿಯ ಚರಿತ್ರೆ. ಅದನ್ನು ಬಚ್ಚಿಟ್ಟವರು ಹಡಗಿನ ಕಥೆ ಹೇಳಿದರೆ ಯಾರು ನಂಬುತ್ತಾರೆ? ಇಲ್ಲಿ ಟಿ. ದಾಸರಹಳ್ಳಿಯಿಂದ ದಿನವೂ ಪೀಣ್ಯದ ಲೇತುಗಳ ಮುಂದೆ ನಿಲ್ಲಲು ಹೋಗುವ ಹುಡುಗರಿದ್ದಾರೆ, ಎಲ್ಲ ಧರ್ಮದವರು. ಒಂದು ಹಡಗುಕಟ್ಟೆ ನಡೆಸಲು ಎಷ್ಟು ಕಬ್ಬಿಣ, ಎಷ್ಟು ಮರ, ಎಷ್ಟು ಕೈಗಳು ಬೇಕೆಂಬುದು ಯಾವ ಭಾಷಣಕಾರನಿಗಿಂತಲೂ ಬೇಗ ಇವರಿಗೆ ಅರ್ಥವಾಗುತ್ತದೆ. ಇವರ ಕೈಗೆ ನಾವು ಕೊಟ್ಟದ್ದು ಬಾವುಟ ಮಾತ್ರ.

1819ರಲ್ಲಿ ಬ್ರಿಟಿಷರು ಮುಂಬೈಯಲ್ಲಿ ತಮ್ಮದೇ ಇನ್ನೊಂದು 'ಸೆರಿಂಗಪಟಂ' ಕಟ್ಟಿದರು. ಅದರ ಮೂತಿಯಲ್ಲಿದ್ದ ಕೆತ್ತನೆ, ದೈತ್ಯ ಪಕ್ಷಿಯ ಮೇಲೆ ಛತ್ರಿ ಹಿಡಿದು ಕುಳಿತ ಸುಲ್ತಾನ, ಗ್ರೀನಿಚ್‌ನ ಸಂಗ್ರಹಾಲಯದಲ್ಲಿ ಜೋಪಾನವಾಗಿದೆ. ಗೆದ್ದವರು ತಮ್ಮ ಸ್ಮರಣಿಕೆಯನ್ನು ಕಾಪಾಡಿಕೊಂಡರು. ಶತ್ರುನೌಕೆಗಳು ಗುರುಪುರ ನದಿಗೆ ನುಗ್ಗದಂತೆ ಟಿಪ್ಪು 1784ರಲ್ಲಿ ಮಂಗಳೂರಿನ ಬೋಳೂರಿನಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇಂದಿಗೂ ನಿಂತಿದೆ. ನಾವು ಅದರ ಮುಂದೆ ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತೇವೆ. ಸರಕಾರ ಜಯಂತಿ ಮಾಡಲಿ, ಬಿಡಲಿ. ಆ ಬತ್ತೇರಿಯ ಬಳಿ ಈ ಹಡಗುಗಳ ಮಾದರಿಗಳನ್ನಿಟ್ಟು, ಗೆಲುವು, ಸೋಲು, ಸೆರೆ ಮೂರನ್ನೂ ಕನ್ನಡದಲ್ಲಿ ಬರೆದು ನಿಲ್ಲಿಸಬೇಕು. ಇದನ್ನು ಕೇಳಬೇಕಾದವರು ಮೊದಲು ನಾವೇ.