ವಾಲುವ ದೋಣಿಗೆ ಎಷ್ಟು ಡಿಬಿ ಬೇಕು?

ಆಂಟೆನಾ ಪಾಠ ಮುಗಿದ ಮೇಲೆ ನಮ್ಮ ತಲೆಯಲ್ಲಿ ಉಳಿಯೋದು ಒಂದೇ ಮಾತು: ಗೇನ್ ಹೆಚ್ಚಿದ್ದಷ್ಟೂ ಒಳ್ಳೇದು. ಹಾಯಿದೋಣಿಯ ಕಂಬದ ತುದಿಗೆ ಒಂದು ವಿಎಚ್‌ಎಫ್ ಆಂಟೆನಾ ಆರಿಸಿ ಅಂದ್ರೆ ನಮ್ಮಲ್ಲಿ ಅರ್ಧ ಜನ 9 ಡಿಬಿಯದನ್ನೇ ಎತ್ತಿಕೊಳ್ತೀವಿ. ಅದು ತಪ್ಪು, 3 ಡಿಬಿಯದ್ದೇ ಸರಿ ಅನ್ನೋದು ನಮ್ಮ ವಾದ.

ನೆಟ್ಟಗೆ ನಿಂತ ಹಾಫ್‌ವೇವ್ ಆಂಟೆನಾದ ರೇಡಿಯೇಷನ್ ಪ್ಯಾಟರ್ನ್ ಉದ್ದಿನವಡೆ ಥರ ದಪ್ಪಗಿರತ್ತೆ. ಗೇನ್ ಏರಿಸೋದು ಅಂದ್ರೆ ಹೊಸ ಪವರ್ ಹುಟ್ಟಿಸೋದಲ್ಲ. ಅದೇ ಹಿಟ್ಟನ್ನು ತೆಳ್ಳಗೆ, ಅಗಲಕ್ಕೆ ಹರಡೋದು, ದೋಸೆ ಹುಯ್ದ ಹಾಗೆ. ಲ್ಯಾಬಿನ ಸ್ಟ್ಯಾಂಡು ಅಲ್ಲಾಡಲ್ಲ, ಅಲ್ಲಿ ದೋಸೆಯೇ ಗೆಲ್ಲತ್ತೆ. ಹಾಯಿದೋಣಿ ಹಾಗಲ್ಲ, ಗಾಳಿಗೆ 20-25 ಡಿಗ್ರಿ ವಾಲಿಕೊಂಡೇ ಗಂಟೆಗಟ್ಟಲೆ ಓಡತ್ತೆ. ಆಗ ದೋಸೆಯ ಒಂದು ಅಂಚು ನೀರಿಗೆ, ಇನ್ನೊಂದು ಆಕಾಶಕ್ಕೆ. ವಡೆ ವಾಲಿದರೂ ದಿಗಂತದ ಕಡೆ ಸಿಗ್ನಲ್ ಹೋಗ್ತಾನೇ ಇರತ್ತೆ. (ಆ 3 ಡಿಬಿ ಕೂಡ ಡಬ್ಬದ ಮೇಲಿನ ಲೆಕ್ಕ, ಹಾಫ್‌ವೇವ್ ಡೈಪೋಲಿಗೆ ನಮ್ಮ ಪುಸ್ತಕ ಕೊಡೋದು 2.15 ಡಿಬಿಐ ಮಾತ್ರ.)

ದೂರ ತಂದುಕೊಡೋದು ಎತ್ತರ. ರೇಡಿಯೋ ದಿಗಂತ ಕಿಲೋಮೀಟರಿನಲ್ಲಿ ಸುಮಾರು 4.12 ಗುಣಿಸು ಎತ್ತರದ ವರ್ಗಮೂಲ. 16 ಮೀಟರ್ ಕಂಬಕ್ಕೆ 16.5 ಕಿ.ಮೀ.; ಆಚೆ ಕಡೆಯೂ ಅಷ್ಟೇ ಎತ್ತರದ ದೋಣಿ ಇದ್ದರೆ 33. ತುರ್ತು ಕರೆಯ 16ನೇ ಚಾನೆಲ್ 156.8 ಮೆಗಾಹರ್ಟ್ಸ್, ಅಂದರೆ ಒಂದು ಮೀಟರ್ ಉದ್ದದ ಹಗುರ ಕಡ್ಡಿ ಸಾಕು.

ಉಳಿದ ದುಡ್ಡು ಕೇಬಲ್‌ಗೆ ಹಾಕಿ. 20 ಮೀಟರ್ ತೆಳು ಆರ್‌ಜಿ-58 ಎಳೆದರೆ ಸುಮಾರು 4 ಡಿಬಿ ದಾರಿಯಲ್ಲೇ ಸೋರಿಹೋಗತ್ತೆ. 25 ವಾಟ್ ಸೆಟ್ಟಿನಿಂದ ಮೇಲೆ ತಲುಪೋದು ಹತ್ತೇ ವಾಟ್. ದಪ್ಪನೆಯ ಆರ್‌ಜಿ-213 ಹಾಕಿದರೆ 16ರ ಆಸುಪಾಸು ಸಿಗತ್ತೆ.

ಕಂಬವೇ ಮುರಿದರೆ? ಇದು ನ್ಯಾಯವಾದ ಪ್ರಶ್ನೆ. 2018ರ ಸೆಪ್ಟೆಂಬರಿನಲ್ಲಿ ಗೋಲ್ಡನ್ ಗ್ಲೋಬ್ ರೇಸಿನಲ್ಲಿದ್ದ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿಯವರಿಗೆ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಆಗಿದ್ದು ಅದೇ. ಬಿರುಗಾಳಿಗೆ ‘ತುರೀಯ’ದ ಕಂಬ ಮುರಿಯಿತು, ಅವರ ಬೆನ್ನಿಗೆ ಏಟು ಬಿತ್ತು. ದಡದಿಂದ ಅಷ್ಟು ದೂರದಲ್ಲಿ ವಿಎಚ್‌ಎಫ್ ಯಾರಿಗೂ ಕೇಳಿಸಲ್ಲ. ಸುದ್ದಿ ಮುಟ್ಟಿಸಿದ್ದು ಉಪಗ್ರಹ ಸಂದೇಶ, ಕೊನೆಗೆ ಕರೆದೊಯ್ದದ್ದು ‘ಒಸಿರಿಸ್’ ಅನ್ನೋ ಫ್ರೆಂಚ್ ಹಡಗು. ಆದರೆ ಅಂಥ ಹಡಗು ಹತ್ತಿರ ಬಂದಾಗ ಮಾತಾಡೋಕೆ ಮತ್ತೆ ವಿಎಚ್‌ಎಫ್ಫೇ ಬೇಕು. ಅದಕ್ಕೇ ದೋಣಿಯ ಹಿಂಬದಿಯ ಕಂಬಿಗೆ ಎರಡನೇ ಆಂಟೆನಾ, ಅದರದ್ದೇ ಕೇಬಲ್ ಸಮೇತ, ತಯಾರಿರಬೇಕು. ದಡ ಬಿಡೋ ಮೊದಲೇ ಒಮ್ಮೆ ಜೋಡಿಸಿ, ಮಾತಾಡಿ ನೋಡಿರಬೇಕು.