ಇಂದಿನ ಅವಸರ, ನಾಳೆಯ ಸಾಲ



ಹಬ್ಬಕ್ಕೆ ಮಗಳಿಗೊಂದು ಚೂಡಿದಾರ್ ಹೊಲಿಸುತ್ತೀರಿ. ಬಟ್ಟೆ ಕಡಿಮೆ, ಸಮಯವೂ ಇಲ್ಲ. ಹೊಲಿಯುವಾಕೆ ಒಳಗೆ ಚೂರೂ ಬಟ್ಟೆ ಬಿಡದೆ, ಅಳತೆಗೆ ಸರಿಯಾಗಿ ಕತ್ತರಿಸಿ ಹೊಲಿದು ಕೊಡುತ್ತಾಳೆ. ಹಬ್ಬದ ದಿನ ಅದು ಚೆನ್ನಾಗಿಯೇ ಒಪ್ಪುತ್ತದೆ. ಮಗಳು ಬೆಳೆದಾಗ ಬಿಚ್ಚಿ ಸಡಿಲಿಸೋಣವೆಂದರೆ ಒಳಗೆ ಬಟ್ಟೆಯೇ ಇಲ್ಲ! ಹೊಲಿಗೆಯಲ್ಲಿ ತಪ್ಪಿರಲಿಲ್ಲ. ಕತ್ತರಿಸುವಾಗ ನಾಳೆಯ ಯೋಚನೆ ಇರಲಿಲ್ಲ, ಅಷ್ಟೆ.

ಸಾಫ್ಟ್‌ವೇರ್ ಬರೆಯುವವರು ಇದನ್ನು ‘ವಿನ್ಯಾಸದ ಸಾಲ’ ಎನ್ನುತ್ತಾರೆ. ಸಾಲದ ಈ ಹೋಲಿಕೆಯನ್ನು 1992ರಲ್ಲಿ ಕೊಟ್ಟವರು ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್. ಸ್ವಲ್ಪ ಸಾಲ ಮಾಡಿದರೆ ಕೆಲಸ ಬೇಗ ಸಾಗುತ್ತದೆ, ತೀರಿಸದೆ ಬಿಟ್ಟರೆ ಬಡ್ಡಿ ಬೆಳೆಯುತ್ತದೆ ಎಂಬುದು ಅವರ ಮಾತಿನ ಸಾರ.

ನಮ್ಮ ಲಕ್ಷ್ಮೇಶ್ವರವನ್ನೇ ನೋಡಿ. 1997ರವರೆಗೆ ಅದು ಧಾರವಾಡ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಊರು. ಆ ವರ್ಷ ಗದಗ ಜಿಲ್ಲೆಯಾಯಿತು. 2017ರ ಬಜೆಟ್‌ನಲ್ಲಿ ಘೋಷಣೆಯಾಗಿ ಮುಂದೆ ಲಕ್ಷ್ಮೇಶ್ವರವೇ ತಾಲ್ಲೂಕಾಯಿತು. ಊರು ಕದಲಲಿಲ್ಲ, ವಿಳಾಸ ಮಾತ್ರ ಎರಡು ಸಲ ಬದಲಾಯಿತು. ಒಂದು ಶಾಲೆಯ ಸಾಫ್ಟ್‌ವೇರಿನಲ್ಲಿ ‘ಶಿರಹಟ್ಟಿ ತಾಲ್ಲೂಕು’ ಎಂದು ನೂರು ಕಡೆ ಬರೆದಿಟ್ಟಿದ್ದರೆ? ನೂರು ಕಡೆಯೂ ತಿದ್ದಬೇಕು. ಒಂದು ಕಡೆ ತಪ್ಪಿದರೂ ಯಾವುದೋ ಮಗುವಿನ ಪ್ರಮಾಣಪತ್ರದಲ್ಲಿ ಹಳೆಯ ತಾಲ್ಲೂಕು ಉಳಿಯುತ್ತದೆ. ಯಾವ ಊರು ಯಾವ ತಾಲ್ಲೂಕಿಗೆ ಎಂಬ ಪಟ್ಟಿ ಒಂದೇ ಕಡೆ ಇದ್ದರೆ ಅಲ್ಲಿ ತಿದ್ದಿದರೆ ಸಾಕು.

ಎಲ್ಲ ಸಾಲವೂ ಕೆಟ್ಟದ್ದಲ್ಲ. 1998ರಲ್ಲಿ ‘ಬರಹ’ ಬಂತು, ನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. 1991ರಲ್ಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿದ್ದರೂ ಅಂದಿನ ಸಾಮಾನ್ಯ ಕಂಪ್ಯೂಟರುಗಳಿಗೆ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ಆದ್ದರಿಂದ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರ ತುಣುಕುಗಳನ್ನು ಕೂರಿಸಿ ಕೆಲಸ ನಡೆಸಿದರು. ಅಂದು ಅದೇ ಸರಿಯಾದ ದಾರಿ. ಕಚೇರಿ, ಪತ್ರಿಕೆ, ಮುದ್ರಣಾಲಯಗಳಲ್ಲಿ ಕನ್ನಡ ಓಡಿದ್ದು ಅದರಿಂದಲೇ. ಇಂದಿನ ನುಡಿಯಲ್ಲಿ ಯೂನಿಕೋಡ್ ಇದೆ. ಆದರೆ ಹಳೆಯ ಕಡತಗಳು ಹಾಗೆಯೇ ಉಳಿದಿವೆ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಕನ್ನಡದಲ್ಲಿ ಹೆಸರು ಹುಡುಕಿದರೆ ಸಿಗದು. ಪರಿವರ್ತಿಸಬೇಕು, ಮತ್ತೆ ಕುಳಿತು ತಪ್ಪು ನೋಡಬೇಕು. ಇದೇ ಬಡ್ಡಿ. ಡಿಟಿಪಿ ಮಾಡುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ಅವರಿಗೆ ಇದರ ಭಾರ ಗೊತ್ತು.

ಈ ಸಾಲವನ್ನು ಗುರುತಿಸುವುದು ಹೇಗೆ? ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುತ್ತದೆ. ಒಂದೇ ವಿಷಯ ಹತ್ತು ಕಡೆ ಬರೆದಿರುತ್ತದೆ. ‘ಅದನ್ನು ಮುಟ್ಟಬೇಡಿ, ಬರೆದವರು ಬಿಟ್ಟು ಹೋಗಿದ್ದಾರೆ’ ಎಂಬ ಮಾತು ಕೇಳಿಬರುತ್ತದೆ. ಮೊದಲು ಒಂದು ದಿನದಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ವಾರ ಹಿಡಿಯುತ್ತದೆ.

ತೀರಿಸುವುದು ಹೇಗೆ? ಮೊದಲು ಬರೆದಿಡಬೇಕು: ಎಲ್ಲಿ, ಯಾಕೆ ಅವಸರ ಮಾಡಿದೆವು ಎಂದು. ಬರೆಯದ ಸಾಲ ಮರೆತುಹೋಗುತ್ತದೆ, ಬಡ್ಡಿ ಮರೆಯುವುದಿಲ್ಲ. ದಿನವೂ ಕೈ ಹಾಕುವ ಭಾಗದ ಸಾಲವನ್ನು ಮೊದಲು ತೀರಿಸಬೇಕು. ಯಾರೂ ಮುಟ್ಟದ ಮೂಲೆಯದು ಕಾಯಬಹುದು. ತಿದ್ದುವ ಮೊದಲು, ಈಗ ಸರಿಯಾಗಿ ನಡೆಯುತ್ತಿರುವುದು ಆಮೇಲೂ ನಡೆಯುತ್ತದೆಯೇ ಎಂದು ನೋಡುವ ಪರೀಕ್ಷೆಗಳನ್ನು ಸಿದ್ಧಮಾಡಿಕೊಳ್ಳಬೇಕು. ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟುವ ಉತ್ಸಾಹ ಬೇಡ. ಪ್ರತಿ ಹೊಸ ಕೆಲಸದ ಜೊತೆ ಹಳೆಯದೊಂದನ್ನು ಸರಿಪಡಿಸುತ್ತ ಹೋದರೆ ಹೊರೆ ಇಳಿಯುತ್ತದೆ.

ಬೆಂಗಳೂರಿನಲ್ಲಿ ದುಡಿಯುವ ಮಗ ಫೋನಿನಲ್ಲಿ, “ಸಣ್ಣ ಬದಲಾವಣೆ ಅಮ್ಮೀ, ಆದರೆ ರಾತ್ರಿಯಿಡೀ ಕೂರಬೇಕು” ಎಂದರೆ ಅವನನ್ನು ಸೋಮಾರಿ ಎನ್ನಬೇಡಿ. ಬೇರೆ ಯಾರೋ ಮಾಡಿದ ಸಾಲವನ್ನು ಅವನು ತನ್ನ ನಿದ್ದೆಯಿಂದ ತೀರಿಸುತ್ತಿರಬಹುದು.

ನಿಮ್ಮ ಹೊಲಿಗೆ ಅಂಗಡಿಗೋ ಮಹಿಳಾ ಸಂಘಕ್ಕೋ ಲೆಕ್ಕದ ಸಾಫ್ಟ್‌ವೇರ್ ಕೊಳ್ಳುವಾಗ ಬೆಲೆಯೊಂದನ್ನೇ ಕೇಳಬೇಡಿ. “ನಾಳೆ ಏನಾದರೂ ಬದಲಾದರೆ ಎಷ್ಟು ಕಡೆ ತಿದ್ದಬೇಕು? ನೀವು ಇಲ್ಲದಿದ್ದರೆ ಯಾರು ತಿದ್ದುತ್ತಾರೆ? ನಮ್ಮ ಲೆಕ್ಕ ಬೇರೆ ಕಡೆ ತೆರೆಯುತ್ತದೆಯೇ?” ಎಂದು ಕೇಳಿ. ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲು ತಡವರಿಸುವವರಿಂದ ಕೊಳ್ಳುವ ಮುನ್ನ ಎರಡು ಸಲ ಯೋಚಿಸಿ.